ಧ್ರುವಯಾತ್ರೆಯ ಶತಮಾನಸ್ಮರಣೆಯೂ ವೀರರಸದ ಅಧಿಕಾರಿಯೂ

೧

ಶತಮಾನೋತ್ಸವವೆಂಬುದು ಮೇಲುನೋಟಕ್ಕೆ ಕೃತಜ್ಞತೆಯ ಕಾರ್ಯವಾಗಿ ಕಂಡರೂ ತತ್ತ್ವತಃ ಅದೊಂದು ವಿಮರ್ಶೆಯ ಕಾರ್ಯವೇ ಆಗಿದೆ. ನೂರು ವರ್ಷಗಳ ಹಿಂದೆ ನಡೆದುದೆಲ್ಲವನ್ನೂ ಯಾರೂ ನೆನೆಯಲಾರರು. ನೆನೆಯತಕ್ಕುದನ್ನು ಆರಿಸಿ, ಮಿಕ್ಕುದನ್ನು ಬದಿಗಿರಿಸಿ, ಆರಿಸಿದುದಕ್ಕೆ ಒಂದು ಕ್ರಮವನ್ನು ಕಲ್ಪಿಸುವುದೇ ಸ್ಮರಣೆಯ ರೀತಿ. ಕವಿಯು ಇತಿವೃತ್ತವನ್ನು ಎತ್ತಿಕೊಳ್ಳುವಾಗ ಮಾಡುವ ಕೆಲಸವೂ ಇದೇ. ಆದುದರಿಂದ ಕಾವ್ಯದಲ್ಲಿ ಔಚಿತ್ಯವನ್ನು ವಿಚಾರಿಸುವಂತೆ ಸ್ಮರಣೆಯಲ್ಲಿಯೂ ಔಚಿತ್ಯವನ್ನು ವಿಚಾರಿಸುವುದು ಯುಕ್ತವಾಗಿದೆ.

ಇಂತಹ ವಿಚಾರಕ್ಕೆ ತಕ್ಕ ಸಂದರ್ಭವೊಂದು ಈಚೆಗೆ ಒದಗಿತು. ಸರ್ ಅರ್ನೆಸ್ಟ್ ಶ್ಯಾಕಲ್‌ಟನ್ನನ ನಾಯಕತ್ವದಲ್ಲಿ ೧೯೧೪ರಿಂದ ೧೯೧೭ರವರೆಗೆ ನಡೆದ ದಕ್ಷಿಣಧ್ರುವಖಂಡದ ಯಾತ್ರೆಗೆ ೨೦೧೪ರಿಂದ ೨೦೧೭ರ ಅವಧಿಯಲ್ಲಿ ನೂರು ವರ್ಷ ತುಂಬಿತು. ಅನಂತರ ೨೦೨೨ನೆಯ ಇಸವಿ ಮಾರ್ಚ್ ೫ರಂದು, ಎಂದರೆ ಶ್ಯಾಕಲ್‌ಟನ್ನನ ದೇಹವನ್ನು ಸೌತ್ ಜಾರ್ಜಿಯ ದ್ವೀಪದಲ್ಲಿ ಹೂಳಿ ಸರಿಯಾಗಿ ನೂರು ವರ್ಷವಾದ ದಿನದಂದು, ಅವನ ಹಡಗಾದ ಎಂಡ್ಯೂರನ್ಸ್ ವೆಡೆಲ್ ಸಮುದ್ರದ ತಳದಲ್ಲಿ, ೩೦೦೮ ಮೀಟರ್ ಆಳದಲ್ಲಿ ಪತ್ತೆಯಾಯಿತು. ಇದರಿಂದ ಆ ಯಾತ್ರೆಯ ಕೀರ್ತಿಗೆ ಮತ್ತೊಮ್ಮೆ ಹೊಸ ಬೆಳಕು ಬಂದಿತು.

ಇದೇ ಕಾಲದಲ್ಲಿ ಕೃಷ್ಣೆಗೂ ತುಂಗಭದ್ರೆಗೂ ನಡುವಣ ನಾಡಿಗೆ, ಶಾಸನಗಳು ಎಡೆದೊರೆಯೆಂದು ಕರೆದ ಸೀಮೆಗೆ, ತನ್ನದೇ ಆದ ಒಂದು ಶತಮಾನವು ಕೂಡಿ ಬಂದಿತು. ಚಿನ್ನದ ಗಣಿಯ ಎಂಜಿನಿಯರನಾದ ಸಿ. ಬೀಡನ್ ಎಂಬುವನು ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನವನ್ನು ಕಂಡುದು ೧೯೧೫ನೆಯ ಇಸವಿ ಜನವರಿ ೨೭ರಂದು. ಎಂಡ್ಯೂರನ್ಸ್ ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದುದು ಅದೇ ತಿಂಗಳ ಮೂರನೆಯ ವಾರದಲ್ಲಿ. ಇವೆರಡಕ್ಕೂ ಕಾರ್ಯಕಾರಣಸಂಬಂಧವೇನೂ ಇಲ್ಲ, ಕೇವಲ ಕಾಕತಾಳೀಯ. ಆದರೆ ಒಂದರಿಂದ ಏಳುವ ಪ್ರಶ್ನೆಗೆ ಇನ್ನೊಂದರಲ್ಲಿ ಉತ್ತರವಿದೆ. ವೀರನೆನಿಸಿಕೊಳ್ಳಲು ಅಧಿಕಾರಿಯಾರು, ದೊಡ್ಡವನೊಬ್ಬನೇ, ಸಣ್ಣವನೂ ಹೌದೇ ಎಂಬುದು ಆ ಪ್ರಶ್ನೆ. ದೇವದುರ್ಗ, ಮಾನ್ವಿ, ಲಿಂಗಸುಗೂರುಗಳ ಅಧ್ಯಾಪಕರಿಗೆ ಅದರ ಉತ್ತರವು ನೆರೆಯ ಊರಿನ ಬಂಡೆಯ ಮೇಲೆಯೇ ಇರುವುದರಿಂದ ಈ ವಿಚಾರವು ಅವರಿಗೆ ದೂರದ್ದಲ್ಲ.

೨

ಮೊದಲು ಇತಿವೃತ್ತವನ್ನು ಸಂಗ್ರಹವಾಗಿ ಹೇಳತಕ್ಕುದು. ನಾರ್ವೆ ದೇಶದ ಅಮುಂಡ್‌ಸೆನ್ ೧೯೧೧ರ ಡಿಸೆಂಬರ್ ೧೪ರಂದು ದಕ್ಷಿಣಧ್ರುವವನ್ನು ಮುಟ್ಟಿದನು. ಇಂಗ್ಲೆಂಡಿನ ಸ್ಕಾಟ್ ೧೯೧೨ರ ಜನವರಿ ೧೭ರಂದು ಅಲ್ಲಿಗೆ ತಲಪಿ, ಹಿಂದಿರುಗುವಾಗ ನಾಲ್ವರು ಸಂಗಡಿಗರೊಡನೆ ಮಡಿದನು. ಧ್ರುವವು ಹೀಗೆ ಗೆಲ್ಲಲ್ಪಟ್ಟ ಮೇಲೆ ಶ್ಯಾಕಲ್‌ಟನ್ನನು ಆ ಖಂಡವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಕಾಲ್ನಡೆಯಿಂದ ದಾಟುವ ಸಂಕಲ್ಪವನ್ನು ಮಾಡಿದನು. ದಾರಿಯ ಅಳತೆ ಸುಮಾರು ೧೮೦೦ ಮೈಲಿ. ಅದಕ್ಕೆ ಎರಡು ತಂಡಗಳು ಬೇಕಾದುವು. ವೆಡೆಲ್ ಸಮುದ್ರದ ಕಡೆಯಿಂದ ಎಂಡ್ಯೂರನ್ಸ್ ಹಡಗಿನಲ್ಲಿ ಬಂದು ಖಂಡವನ್ನು ದಾಟುವುದು ಒಂದು. ರಾಸ್ ಸಮುದ್ರದ ಕಡೆಯಿಂದ ಅರೋರಾ ಎಂಬ ಹಡಗಿನಲ್ಲಿ ಬಂದು, ದಾಟಿ ಬರುವವರ ದಾರಿಯ ಕೊನೆಯ ಭಾಗದಲ್ಲಿ ಅಲ್ಲಲ್ಲಿ ಆಹಾರವನ್ನು ಇರಿಸುವುದು ಇನ್ನೊಂದು.

ಎಂಡ್ಯೂರನ್ಸ್ ಹಡಗು ೨೮ ಜನರನ್ನು ಹೊತ್ತು ೧೯೧೪ರ ಡಿಸೆಂಬರ್ ೫ರಂದು ಸೌತ್ ಜಾರ್ಜಿಯವನ್ನು ಬಿಟ್ಟಿತು. ಖಂಡದ ಕರೆಯನ್ನು ಮುಟ್ಟುವ ಮುನ್ನವೇ ಮಂಜುಗಡ್ಡೆಯಲ್ಲಿ ಕಚ್ಚಿಕೊಂಡಿತು. ಹತ್ತು ತಿಂಗಳು ಗಡ್ಡೆಯೊಡನೆ ತೇಲಿ, ಅದರ ಒತ್ತಡದಿಂದ ನುಗ್ಗಾಗಿ, ೧೯೧೫ರ ನವಂಬರ್ ೨೧ರಂದು ಮುಳುಗಿತು. ಜನರು ಗಡ್ಡೆಯ ಮೇಲೆಯೇ ಬಿಡಾರವಿದ್ದು, ೧೯೧೬ರ ಏಪ್ರಿಲ್ ೯ರಂದು ಮೂರು ದೋಣಿಗಳನ್ನು ನೀರಿಗಿಳಿಸಿ, ಆರು ದಿನಗಳ ಮೇಲೆ ಎಲಿಫೆಂಟ್ ಎಂಬ ನಿರ್ಜನದ್ವೀಪವನ್ನು ಸೇರಿದರು. ಅಲ್ಲಿಂದ ಏಪ್ರಿಲ್ ೨೪ರಂದು ಶ್ಯಾಕಲ್‌ಟನ್, ವರ್ಸ್ಲಿ, ಕ್ರೀನ್, ಮ್ಯಾಕ್‌ನಿಶ್, ಮೆಕಾರ್ಥಿ, ವಿನ್ಸೆಂಟ್ ಎಂಬ ಆರು ಜನರು ಇಪ್ಪತ್ತೆರಡೂವರೆ ಅಡಿಯ ದೋಣಿಯೊಂದರಲ್ಲಿ ಹೊರಟು, ಸುಮಾರು ೮೦೦ ನಾವಿಕಮೈಲಿಗಳ ಘೋರಸಮುದ್ರವನ್ನು ದಾಟಿ ಮೇ ೧೦ರಂದು ಸೌತ್ ಜಾರ್ಜಿಯದಲ್ಲಿ ಇಳಿದರು. ಇಳಿದುದು ಜನವಸತಿಯಿಲ್ಲದ ಮಗ್ಗುಲು. ಮೊದಲಿನ ಮೂವರು ಯಾರೂ ದಾಟದಿದ್ದ ಪರ್ವತಗಳನ್ನು ಮೂವತ್ತಾರು ಗಂಟೆಗಳಲ್ಲಿ ದಾಟಿ, ಮೇ ೨೦ರಂದು ತಿಮಿಂಗಿಲ ಬೇಟೆಗಾರರ ನೆಲೆಯನ್ನು ಮುಟ್ಟಿದರು. ಎಲಿಫೆಂಟ್ ದ್ವೀಪದಲ್ಲಿ ಉಳಿದಿದ್ದ ೨೨ ಜನರನ್ನು, ಮೂರು ಪ್ರಯತ್ನಗಳು ವಿಫಲವಾದ ಮೇಲೆ, ೧೯೧೬ರ ಆಗಸ್ಟ್ ೩೦ರಂದು ಲೂಯಿಸ್ ಪಾರ್ದೋ ಎಂಬುವನು ನಡಸುತ್ತಿದ್ದ ಚಿಲಿ ದೇಶದ ಎಲ್ಚೊ ಎಂಬ ಹಡಗಿನಿಂದ ಬಿಡಿಸಿಕೊಂಡು ಬಂದುದಾಯಿತು.

ಸ್ಮರಣೆಯು ಸಾಮಾನ್ಯವಾಗಿ ಇಲ್ಲಿಗೆ ಕಥೆಯನ್ನು ಮುಗಿಸುತ್ತದೆ. ಕಥೆಯು ನಿಜವಾಗಿ ಇಲ್ಲಿಗೆ ಮುಗಿಯದು. ಉಳಿದುದನ್ನು ಮುಂದೆ ನೋಡಬಹುದು.

೩

ಈಗ ಫಲವಿಚಾರ. ನಾಟ್ಯಶಾಸ್ತ್ರಕಾರನು ನಾಯಕನ ಕಾರ್ಯಕ್ಕೆ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮಗಳೆಂಬ ಐದು ಅವಸ್ಥೆಗಳನ್ನು ಹೇಳಿದ್ದಾನೆ. ಫಲವಿಲ್ಲದ ಕಾರ್ಯವು ಇತಿವೃತ್ತವಾಗಲಾರದೆಂಬುದು ಶಾಸ್ತ್ರದ ಮತ. ಖಂಡವನ್ನು ದಾಟುವುದೇ ಫಲವೆಂದು ಇಟ್ಟುಕೊಂಡರೆ ಈ ಯಾತ್ರೆಯಲ್ಲಿ ಆರಂಭವುಂಟು, ಯತ್ನವುಂಟು. ಪ್ರಾಪ್ತ್ಯಾಶೆಯು ಮೊಳೆಯುವ ಮೊದಲೇ ಕಾರ್ಯವು ಕೆಟ್ಟುಹೋಯಿತು. ಒಬ್ಬನಾದರೂ ಆ ಕರೆಯ ಮೇಲೆ ಕಾಲಿಡಲಿಲ್ಲ. ಹಾಗಿರುವಲ್ಲಿ ನೂರು ವರ್ಷಗಳ ಮೇಲೆಯೂ ಓದುವವನ ಚಿತ್ತವು ಇದರಲ್ಲಿ ವಿಸ್ತಾರಗೊಳ್ಳುವುದೇಕೆ?

ಸೋಲನ್ನೇ ರಸಕ್ಕೆ ಮೂಲವೆಂದು ಹೇಳುವವರುಂಟು. ರನ್ನನ ಗದಾಯುದ್ಧದಲ್ಲಿ ಗೆದ್ದ ಭೀಮನು ಕಥಾನಾಯಕನಾಗಿದ್ದರೂ ಬಿದ್ದ ದುರ್ಯೋಧನನು ಸಹೃದಯನ ಮನಸ್ಸನ್ನು ಹಿಡಿಯುವನೆಂಬುದನ್ನು ಅವರು ಉದಾಹರಿಸುವರು. ಸ್ಕಾಟನ ವಿಷಯದಲ್ಲಿ ಈ ಮಾತು ಒಪ್ಪುತ್ತದೆ. ಅವನ ದಿನಚರಿಯು ಶೋಕಸ್ಥಾಯಿಯಾದುದು. ಓದುವವನಿಗೆ ಒದಗುವುದು ಕರುಣರಸ. ಎಂಡ್ಯೂರನ್ಸ್ ಯಾತ್ರೆಯಲ್ಲಿಯಾದರೋ ಶೋಕವು ನೆಲೆಗೊಳ್ಳುವುದಿಲ್ಲ. ಹಡಗು ಮುಳುಗುವುದನ್ನು ಓದುವಾಗಲೂ ಚಿತ್ತವು ಮುಂದಿನ ಉಪಾಯಕ್ಕೆ ಹಾರುತ್ತದೆ. ಭರತನು ವೀರರಸಕ್ಕೆ ವಿಭಾವಗಳಾಗಿ ಎಣಿಸಿದವುಗಳಲ್ಲಿ ಮನಸ್ಸು ಕಲಕದಿರುವ ಅಸಂಮೋಹ, ಹಿಡಿದ ನಿಶ್ಚಯವನ್ನು ಬಿಡದ ಅಧ್ಯವಸಾಯ, ಉಪಾಯವನ್ನರಿಯುವ ನಯ, ಇವೇ ಪುಟಪುಟದಲ್ಲಿಯೂ ಕಾಣುವುವು. ಆದುದರಿಂದ ಇಲ್ಲಿ ಸ್ಥಾಯಿಯು ಉತ್ಸಾಹವೇ, ರಸವು ವೀರವೇ.

ಫಲದ ತೊಡಕು ಪರಿಹಾರವಾಗುವ ಬಗೆ ಹೇಗೆಂದರೆ, ಕಾರ್ಯದ ನಡುವೆ ಫಲವೇ ಬದಲಾಯಿತು. ೧೯೧೫ರ ಅಕ್ಟೋಬರ್ ೨೭ರಂದು ಹಡಗನ್ನು ತ್ಯಜಿಸಿದ ಗಳಿಗೆಯಿಂದ ದಾಟುವುದು ಫಲವಾಗಿ ಉಳಿಯಲಿಲ್ಲ. ಇಪ್ಪತ್ತೆಂಟು ಪ್ರಾಣಗಳನ್ನು ಉಳಿಸುವುದು ಫಲವಾಯಿತು. ಕೀರ್ತಿಯನ್ನು ಬಯಸಿ ಹೊರಟವನು ಕೀರ್ತಿಯನ್ನು ಕೈಬಿಟ್ಟು ಜನರನ್ನು ಹಿಡಿದನು. ಭರತನು ದಾನವೀರ, ಧರ್ಮವೀರ, ಯುದ್ಧವೀರರೆಂದು ಮೂವರನ್ನು ಹೇಳಿದನು. ಸಾಹಿತ್ಯದರ್ಪಣಕಾರನು ದಯಾವೀರನನ್ನು ನಾಲ್ಕನೆಯವನಾಗಿ ಗಣಿಸಿದನು. ಯಾತ್ರೆಯ ಪೂರ್ವಾರ್ಧವನ್ನು ಯುದ್ಧವೀರದ ಛಾಯೆಯೆಂದರೂ ಉತ್ತರಾರ್ಧವು ದಯಾವೀರವೆಂಬುದರಲ್ಲಿ ಸಂಶಯವಿಲ್ಲ.

ಮಾನ್ವಿ ದೇವದುರ್ಗಗಳ ಜನಕ್ಕೆ ದಯಾವೀರದ ಉದಾಹರಣೆಯನ್ನು ಹೊರಗೆ ಹುಡುಕಬೇಕಾದುದಿಲ್ಲ. ಕನ್ನಡದಲ್ಲಿ ಹರಿನಾಮವನ್ನು ಹಾಡುವ ದಾಸರನ್ನು ಹಗುರಾಗಿ ಕಂಡ ಸಂಸ್ಕೃತಪಂಡಿತನೊಬ್ಬನು ವ್ಯಾಧಿಯಿಂದ ಆಯುಸ್ಸು ತೀರುವ ಸ್ಥಿತಿಗೆ ಬಂದಾಗ, ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಅವನಿಗೆ ಧಾರೆಯೆರೆದರೆಂದು ಐತಿಹ್ಯವಿದೆ. ಆ ಪಂಡಿತನೇ ಮುಂದೆ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ರಚಿಸಿದರು. ಉಳಿಸಿದವನು ಹಗುರಾಗಿ ಕಾಣಲ್ಪಟ್ಟ ಬಳಗದವನು, ಉಳಿದವನು ದೊಡ್ಡವನೆನಿಸಿಕೊಂಡವನು ಎಂಬುದು ಈ ಐತಿಹ್ಯದ ಸಾರ. ಮುಂದಿನ ವಿಚಾರಕ್ಕೂ ಇದು ಒದಗುತ್ತದೆ.

೪

ರಸವು ಒದಗಬೇಕಾದರೆ ಉದ್ದೀಪನವಿಭಾವವೂ ಸರಿಯಾಗಿ ಮೂಡಬೇಕು. ಕನ್ನಡದ ವಾಚಕನಿಗೆ, ಅದರಲ್ಲಿಯೂ ಬಯಲುಸೀಮೆಯವನಿಗೆ, ಇಲ್ಲಿ ಒಂದು ಅಡ್ಡಿಯುಂಟು. ದೇವದುರ್ಗವು ಸುಮಾರು ೧೬ ಅಂಶಗಳ ಉತ್ತರ ಅಕ್ಷಾಂಶದಲ್ಲಿದೆ. ವರ್ಷದ ಅತಿ ದೀರ್ಘವಾದ ಹಗಲೂ ಅಲ್ಲಿ ಮೂವತ್ತಮೂರು ಘಳಿಗೆಯನ್ನು ಮೀರುವುದಿಲ್ಲ. ಆರು ತಿಂಗಳ ಹಗಲನ್ನೂ ಆರು ತಿಂಗಳ ಇರುಳನ್ನೂ ಸೂರ್ಯಸಿದ್ಧಾಂತವು ಭೂಗೋಳಾಧ್ಯಾಯದಲ್ಲಿ ಹೇಳಿ, ಉತ್ತರದ ಮೇರುವಿನಲ್ಲಿ ದೇವತೆಗಳನ್ನೂ ದಕ್ಷಿಣದ ತುದಿಯಲ್ಲಿ ಅಸುರರನ್ನೂ ಇರಿಸಿದೆ. ಗಣಿತದಿಂದ ಅದು ಸಿದ್ಧವೇ. ಆದರೆ ಗಣಿತದಿಂದ ತಿಳಿದ ಇರುಳಿಗೂ ಕಂಡು ಕಳೆದ ಇರುಳಿಗೂ ಅಂತರವು ಬಹಳ. ಹಡಗಿನವರು ೧೯೧೫ರಲ್ಲಿ ಸೂರ್ಯನಿಲ್ಲದ ತಿಂಗಳುಗಳನ್ನು ಕಳೆದರೆಂಬ ವಾಕ್ಯವನ್ನು ಇಲ್ಲಿನ ವಿದ್ಯಾರ್ಥಿಯು ಓದಿದರೆ ಅವನಿಗೆ ಅರ್ಥವಾಗುತ್ತದೆ, ಭಯವಾಗುವುದಿಲ್ಲ.

ಭಾಷೆಯ ಅಡ್ಡಿಯು ಇದಕ್ಕಿಂತ ದೊಡ್ಡದು. ಕನ್ನಡದಲ್ಲಿ ದುಃಖದ ಮಾತುಗಳೆಲ್ಲ ಬಹುಮಟ್ಟಿಗೆ ಬಿಸಿಯ ಮಾತುಗಳು. ಎದೆಯ ಬೇಗೆ, ಹೊಟ್ಟೆಯ ಉರಿ, ಮನಸ್ಸಿನ ಕುದಿ ಎನ್ನುವರು. ಸಂಸ್ಕೃತದಿಂದ ಬಂದ ತಾಪ, ಸಂತಾಪಗಳೂ ಅಂತಹವೇ. ಸುಖದ ಮಾತುಗಳು ತಂಪಿನವು. ಕಣ್ಣು ತಂಪಾಯಿತೆಂದರೆ ಸಂತೋಷ, ಹೊಟ್ಟೆ ತಣ್ಣಗಿರಲಿ ಎಂದರೆ ಹರಕೆ. ಬೇಸಗೆಯಲ್ಲಿ ಬಂಡೆಗಳು ಕಾದು ಕೆಂಡವಾಗುವ ಸೀಮೆಯಲ್ಲಿ ಭಾಷೆಯು ಹೀಗೆ ಬೆಳೆದುದು ಸಹಜ. ಕಾಳಿದಾಸನೂ ಹಿಮವಂತನನ್ನು ವರ್ಣಿಸುವಾಗ ಹಿಮವನ್ನು ಅನೇಕ ಗುಣಗಳಲ್ಲಿ ಮುಳುಗಿಹೋಗುವ ಒಂದು ದೋಷವೆಂದು ತೇಲಿಸಿ ಬಿಟ್ಟಿದ್ದಾನೆ. ಚಳಿಯೇ ಶತ್ರುವಾದ ಒಂದು ಕಥೆಯನ್ನು ಈ ಭಾಷೆಯಲ್ಲಿ ಹೇಳುವವನು ಶೈತ್ಯವೆಂಬ ಶಬ್ದದಿಂದಲಾಗಲಿ ತಂಪೆಂಬ ಶಬ್ದದಿಂದಲಾಗಲಿ ಭಯವನ್ನು ಹುಟ್ಟಿಸಲಾರನು. ಮಂಜು ಎಂಬ ಒಂದೇ ಶಬ್ದವು ಇಬ್ಬನಿಗೂ ಮುಸುಕಿಗೂ ಹಿಮಕ್ಕೂ ಸಲ್ಲುವುದರಿಂದ ಅದೂ ಸಾಲದು.

ಇದಕ್ಕೆ ಉಪಾಯವೇನೆಂದರೆ ಚಳಿಯನ್ನು ಹೆಸರಿನಿಂದ ಹೇಳದೆ ಅನುಭಾವಗಳಿಂದ ಹೇಳುವುದು. ನೆನೆದ ಬಟ್ಟೆಯು ಮೈಮೇಲೆಯೇ ಹಲಗೆಯಾದುದು. ದೋಣಿಯ ಮೇಲೆ ಹೆಪ್ಪುಗಟ್ಟಿದ ನೀರಿನ ಭಾರಕ್ಕೆ ದೋಣಿಯು ತಗ್ಗುತ್ತಿರಲು, ಅದನ್ನು ಕೊಡಲಿಯಿಂದ ಕಡಿದು ಕಡಲಿಗೆ ತಳ್ಳಬೇಕಾದುದು. ಎಲಿಫೆಂಟ್ ದ್ವೀಪದಲ್ಲಿ ಬ್ಲ್ಯಾಕ್‌ಬರೋ ಎಂಬ ಯುವಕನ ಎಡಗಾಲಿನ ಸತ್ತ ಬೆರಳುಗಳನ್ನು ದೀಪದ ಬೆಳಕಿನಲ್ಲಿ ಕತ್ತರಿಸಿದುದು. ಇಂತಹ ಸಂಗತಿಗಳಿಗೆ ಯಾವ ಸೀಮೆಯಲ್ಲಿಯೂ ವ್ಯಾಖ್ಯಾನವು ಬೇಡ. ಕನ್ನಡದಲ್ಲಿ ಈ ಯಾತ್ರೆಯನ್ನು ಪಾಠವಾಗಿ ಬರೆಯುವವರು ವಿಶೇಷಣಗಳನ್ನು ಬಿಟ್ಟು ಸಂಗತಿಗಳನ್ನು ಹಿಡಿಯುವುದು ಮೇಲು.

೫

ಕಥೆಯು ಲೋಕಕ್ಕೆ ತಿಳಿದುದು ಗ್ರಂಥದಿಂದ. ಶ್ಯಾಕಲ್‌ಟನ್ನನ 'ಸೌತ್' ಎಂಬ ಗ್ರಂಥವು ೧೯೧೯ರಲ್ಲಿ ಪ್ರಕಟವಾಯಿತು. ಅದರ ಬಹುಭಾಗವನ್ನು ಅವನು ಬಾಯಿಂದ ಹೇಳಿ ನ್ಯೂಜೀಲೆಂಡಿನ ಪತ್ರಕರ್ತನಾದ ಎಡ್ವರ್ಡ್ ಸಾಂಡರ್ಸನಿಂದ ಬರೆಸಿದನು. ಹೇಳಿ ಬರೆಸಿದ ಗ್ರಂಥಕ್ಕೆ ಒಂದು ಗುಣವಿದೆ; ವಾಕ್ಯಗಳು ಉಸಿರಿನ ಅಳತೆಯನ್ನು ಮೀರವು. ದೋಣಿಯ ಯಾತ್ರೆಯ ಅಧ್ಯಾಯದಲ್ಲಿ ಈ ಗುಣವು ಚೆನ್ನಾಗಿ ತೋರುತ್ತದೆ.

ಇಲ್ಲಿಯೂ ಆಯ್ಕೆಯ ವಿಷಯವು ಗಮನಾರ್ಹವಾಗಿದೆ. ಛಾಯಾಗ್ರಾಹಕನಾದ ಫ್ರಾಂಕ್ ಹರ್ಲಿಯು ಮುಳುಗುತ್ತಿದ್ದ ಹಡಗಿನೊಳಗಿನಿಂದ ತನ್ನ ಗಾಜಿನ ಫಲಕಗಳನ್ನು ಎತ್ತಿ ತಂದನು. ಎಲ್ಲವನ್ನೂ ಹೊರುವುದು ಅಸಾಧ್ಯವಾದುದರಿಂದ ಅವನೂ ಶ್ಯಾಕಲ್‌ಟನ್ನನೂ ಮಂಜುಗಡ್ಡೆಯ ಮೇಲೆ ಕುಳಿತು ಸುಮಾರು ೧೨೦ ಫಲಕಗಳನ್ನು ಆರಿಸಿ, ಸುಮಾರು ೪೦೦ನ್ನು, ಮತ್ತೆ ಮನಸ್ಸು ಬದಲಾಗದಿರಲೆಂದು, ಅಲ್ಲಿಯೇ ಒಡೆದು ಹಾಕಿದರು. ಶತಮಾನದ ಕಾಲದಲ್ಲಿ ಲೋಕವು ನೋಡಿ ಮೆಚ್ಚಿದ ಚಿತ್ರಗಳು ಆ ಆರಿಸಿದವುಗಳಿಂದ ಬಂದವು. ಸ್ಮರಣೆಯೆಂಬುದು ಆಯ್ಕೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದುರ್ಲಭ.

ಗ್ರಂಥದ ರಸವು ವೀರದಲ್ಲಿಯೇ ನಿಲ್ಲದೆ ಒಂದೆಡೆಯಲ್ಲಿ ಅದ್ಭುತಕ್ಕೆ ಏರುತ್ತದೆ. ಸೌತ್ ಜಾರ್ಜಿಯದ ಪರ್ವತಗಳನ್ನು ದಾಟುವಾಗ ತಾವು ಮೂವರಲ್ಲ, ನಾಲ್ವರೆಂದು ತನಗೆ ಅನೇಕಸಲ ತೋರಿತೆಂದು ಶ್ಯಾಕಲ್‌ಟನ್ನನು ಹೇಳಿದನು. ಉಳಿದಿಬ್ಬರೂ ಹಾಗೆಯೇ ನುಡಿದರು. ಟಿ. ಎಸ್. ಎಲಿಯಟ್ ಕವಿಯು ೧೯೨೨ರ ತನ್ನ ಪ್ರಸಿದ್ಧಕಾವ್ಯದಲ್ಲಿ ಈ ಭಾವವನ್ನು ತೆಗೆದುಕೊಂಡು, ಸಂಖ್ಯೆಯನ್ನು ಮಾತ್ರ ಬದಲಿಸಿ, ಇಬ್ಬರ ಪಕ್ಕದಲ್ಲಿ ನಡೆಯುವ ಮೂರನೆಯವನನ್ನು ಮಾಡಿದನು. ದಕ್ಷಿಣಧ್ರುವದ ಯಾತ್ರೆಯೊಂದರ ವೃತ್ತಾಂತವೇ ತನಗೆ ಪ್ರೇರಕವೆಂದು ಟಿಪ್ಪಣಿಯಲ್ಲಿ ಒಪ್ಪಿಕೊಂಡನು. ಕವಿಯ ಮನಸ್ಸಿಗೆ ಹತ್ತಿದುದು ಯಾತ್ರೆಯ ಗೆಲವೂ ಅಲ್ಲ, ಸೋಲೂ ಅಲ್ಲ. ದಣಿದವರ ಎಣಿಕೆಯಲ್ಲಿ ಒಬ್ಬನು ಹೆಚ್ಚಾಗಿ ಬಂದುದು ಮಾತ್ರ.

೬

ಈಗ ಅಧಿಕಾರಿವಿಚಾರಕ್ಕೆ ಬರತಕ್ಕುದು. ಶತಮಾನಸ್ಮರಣೆಯಲ್ಲಿ ಮೇಲಿಂದಮೇಲೆ ಕೇಳಿಬಂದ ಒಂದು ಮಾತು, ಶ್ಯಾಕಲ್‌ಟನ್ನನು ತನ್ನವರಲ್ಲಿ ಒಬ್ಬನನ್ನಾದರೂ ಕಳೆದುಕೊಳ್ಳಲಿಲ್ಲವೆಂಬುದು. ಎಂಡ್ಯೂರನ್ಸ್ ಹಡಗಿನ ಮಟ್ಟಿಗೆ ಇದು ನಿಜ. ಯಾತ್ರೆಯ ಮಟ್ಟಿಗೆ ಇದು ನಿಜವಲ್ಲ.

ರಾಸ್ ಸಮುದ್ರದ ತಂಡದ ಕಥೆಯು ಹೀಗಿದೆ. ೧೯೧೫ರ ಮೇ ತಿಂಗಳಲ್ಲಿ ಬಿರುಗಾಳಿಗೆ ಲಂಗರು ಕಿತ್ತು ಅರೋರಾ ಹಡಗು ತೇಲಿಹೋಯಿತು. ಸಾಕಷ್ಟು ಬಟ್ಟೆಬರೆಯೂ ಸಾಮಗ್ರಿಯೂ ಇಲ್ಲದೆ ಹತ್ತು ಜನರು ತೀರದಲ್ಲಿ ಉಳಿದರು. ತಾವು ಆಹಾರವನ್ನು ಇರಿಸದಿದ್ದರೆ ಆ ಕಡೆಯಿಂದ ದಾಟಿ ಬರುವವರು ಸಾಯುವರೆಂಬ ಒಂದೇ ಕಾರಣದಿಂದ ಅವರು ತಮ್ಮ ಕಾರ್ಯವನ್ನು ನಡಸಿದರು. ಮೊದಲು ಬಂದವರು ಬಿಟ್ಟುಹೋದ ಸರಕನ್ನು ಆಯ್ದುಕೊಂಡು, ಬಂಡಿಗಳನ್ನು ತಾವೇ ಎಳೆದು, ೧೯೧೬ರ ಜನವರಿಯಲ್ಲಿ ಬೇರ್ಡ್‌ಮೋರ್ ಹಿಮನದಿಯ ಬುಡದವರೆಗೂ ಆಹಾರವನ್ನು ಇರಿಸಿದರು. ಪಾದ್ರಿಯಾಗಿದ್ದ ಸ್ಪೆನ್ಸರ್‌ಸ್ಮಿತ್ ಕಾಲು ಸೋತು ಹಲವು ವಾರ ಬಂಡಿಯ ಮೇಲೆ ಎಳೆಯಲ್ಪಟ್ಟು, ಮಾರ್ಚ್ ೯ರಂದು ರಕ್ತದೋಷದ ವ್ಯಾಧಿಯಿಂದ ತೀರಿಕೊಂಡನು. ತಂಡದ ನಾಯಕನಾದ ಮ್ಯಾಕಿಂಟಾಷನೂ ಹೇವರ್ಡನೂ ಮೇ ೮ರಂದು ಕಡಲಿನ ಎಳೆಯ ಮಂಜುಗಡ್ಡೆಯನ್ನು ದಾಟಲು ಹೋಗಿ ಕಾಣೆಯಾದರು. ಉಳಿದ ಏಳು ಜನರಿಗೆ ೧೯೧೭ರ ಜನವರಿ ೧೦ರಂದು ಬಿಡುಗಡೆಯಾಯಿತು. ಅವರು ಇರಿಸಿದ ಆಹಾರವನ್ನು ತಿನ್ನಲು ಯಾರೂ ಬರಲಿಲ್ಲ; ಬರಬೇಕಾದವರ ಹಡಗು ಅದಕ್ಕೆ ಮೊದಲೇ ಕಡಲಿನ ತಳದಲ್ಲಿತ್ತು.

ಇವರದು ನಿಷ್ಕಾಮಕರ್ಮವೆಂದು ಹೊಗಳುವವರುಂಟು. ಅದು ಶಾಸ್ತ್ರೀಯವಲ್ಲ. ಫಲವನ್ನು ಅರಿತು ತ್ಯಜಿಸುವುದು ನಿಷ್ಕಾಮ. ಫಲವು ಇಲ್ಲವೆಂದು ಅರಿಯದಿರುವುದು ನಿಷ್ಕಾಮವಲ್ಲ. ಅವರು ಫಲವನ್ನು ಬಯಸಿಯೇ ದುಡಿದರು. ಆ ಫಲವು ಇತರರ ಪ್ರಾಣವಾಗಿತ್ತು. ಕೊಟ್ಟ ಮಾತಿಗೆ ಕಟ್ಟುಬಿದ್ದು ನಡೆದುದರಿಂದ ಇವರು ಧರ್ಮವೀರರು. ಶ್ಯಾಕಲ್‌ಟನ್ನನ ಗ್ರಂಥವು ಇವರಿಗೆ ಅಧ್ಯಾಯಗಳನ್ನು ಮೀಸಲಿಟ್ಟಿದೆ. ಹಿಮದಲ್ಲಿಯೂ ಮಹಾಯುದ್ಧದಲ್ಲಿಯೂ ಮಡಿದ ಸಂಗಡಿಗರಿಗೇ ಗ್ರಂಥವು ಅರ್ಪಿತವಾಗಿದೆ. ಹೀಗಿರುವಲ್ಲಿ ಒಬ್ಬನೂ ಸಾಯಲಿಲ್ಲವೆಂಬ ಮಾತು ನಾಯಕನಿಂದ ಬಂದ ದೋಷವಲ್ಲ. ಸ್ಮರಿಸುವವರಿಂದ ಬಂದ ದೋಷ. ಯಾತ್ರೆಯನ್ನು ವ್ಯಾಪಾರದ ಕಚೇರಿಗಳಿಗೆ ನಾಯಕತ್ವದ ನೀತಿಪಾಠವಾಗಿ ಮಾಡಿದ ಈಚಿನ ಬರಹಗಳಿಗೆ ಸೋಲಿಲ್ಲದ ನಾಯಕನು ಬೇಕಾಗಿರುವುದರಿಂದ ಈ ದೋಷವು ಬೆಳೆದಿದೆ.

ಇನ್ನೊಂದು ಉದಾಹರಣೆ ಬಡಗಿಯಾದ ಮ್ಯಾಕ್‌ನಿಶನದು. ಆರು ಜನರನ್ನು ಹೊತ್ತ ದೋಣಿಯು ಅವನ ಕೈಯಿಂದ ಕಡಲಿಗೆ ತಕ್ಕುದಾಯಿತು. ಅವನು ಅದರ ಅಂಚನ್ನು ಹಲಗೆಗಳಿಂದ ಎತ್ತರಿಸಿದನು. ಪೆಟ್ಟಿಗೆಯ ಮುಚ್ಚಳಗಳ ಮೇಲೆ ಕ್ಯಾನ್ವಾಸನ್ನು ಹೊದಿಸಿ ಮೇಲ್ಮುಚ್ಚಿಗೆಯನ್ನು ಮಾಡಿದನು. ಚಿತ್ರಕಾರನ ಎಣ್ಣೆಬಣ್ಣದಿಂದಲೂ ಸೀಲ್ ಪ್ರಾಣಿಯ ರಕ್ತದಿಂದಲೂ ಸಂದುಗಳು ಮುಚ್ಚಲ್ಪಟ್ಟುವು. ಪರ್ವತವನ್ನು ದಾಟುವವರ ಪಾದರಕ್ಷೆಗಳು ಜಾರದಿರಲೆಂದು ದೋಣಿಯಿಂದಲೇ ತಿರುಪುಗಳನ್ನು ಕಿತ್ತು ಅಡಿಗೆ ಬಡಿದುಕೊಟ್ಟವನೂ ಅವನೇ. ಗಡ್ಡೆಯ ಮೇಲೆ ಬಂಡಿಗಳನ್ನು ಎಳೆಯುತ್ತಿದ್ದಾಗ ಒಮ್ಮೆ ಅವನು ಅಪ್ಪಣೆಯನ್ನು ಮೀರಿ ನಿಂತನು. ಯಾತ್ರಿಕರಿಗೆ ಧ್ರುವಪದಕವು ಕೊಡಲ್ಪಟ್ಟಾಗ ನಾಲ್ವರನ್ನು ಬಿಟ್ಟುದಾಯಿತು. ಅವರಲ್ಲಿ ಮ್ಯಾಕ್‌ನಿಶನೊಬ್ಬನು, ದೋಣಿಯಲ್ಲಿಯೇ ಜೊತೆಗಿದ್ದ ವಿನ್ಸೆಂಟನೊಬ್ಬನು. ಮ್ಯಾಕ್‌ನಿಶನು ೧೯೩೦ರಲ್ಲಿ ನ್ಯೂಜೀಲೆಂಡಿನ ವೆಲ್ಲಿಂಗ್‌ಟನ್ನಿನಲ್ಲಿ ತೀರಿಕೊಂಡನು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ವೀರರಸವು ಉತ್ತಮಪ್ರಕೃತಿಯವರದೆಂದು ಭರತನೇ ಹೇಳಿರುವನಲ್ಲವೇ? ಬಡಗಿಯೂ ನಾವಿಕನೂ ಆ ರಸಕ್ಕೆ ಆಲಂಬನವಾಗುವುದು ಹೇಗೆ? ಅಪ್ಪಣೆಯನ್ನು ಮೀರಿದವನಲ್ಲಿ ವಿನಯವೆಂಬ ವಿಭಾವವೆಲ್ಲಿ? ಎಂದರೆ, ಹೇಳಲಾಗುತ್ತದೆ. ಪ್ರಕೃತಿಯೆಂದರೆ ಸ್ವಭಾವ. ಉತ್ತಮಪ್ರಕೃತಿಯ ಲಕ್ಷಣವಾಗಿ ನಾಟ್ಯಶಾಸ್ತ್ರದಲ್ಲಿ ಎಣಿಸಿರುವುದು ಇಂದ್ರಿಯಜಯ, ಕಲಾಕೌಶಲ, ದೀನರಲ್ಲಿ ದಯೆ, ಗಾಂಭೀರ್ಯ ಮೊದಲಾದ ಗುಣಗಳನ್ನು. ಗುಣಗಳಿಂದ ನಿರ್ಣಯವಾಗುವುದು ಹುದ್ದೆಯಿಂದ ನಿರ್ಣಯವಾಗದು. ಒಂದು ದಿನದ ಅವಿನಯವು ಎರಡು ವರ್ಷಗಳ ಕೌಶಲವನ್ನೂ ಅಧ್ಯವಸಾಯವನ್ನೂ ಅಳಿಸುವುದಾದರೆ, ಸಂಚಾರಿಭಾವವು ಸ್ಥಾಯಿಯನ್ನು ನುಂಗಿತೆಂದು ಒಪ್ಪಬೇಕಾದೀತು. ಅದು ರಸಶಾಸ್ತ್ರಕ್ಕೆ ವಿರುದ್ಧ. ನಾಯಕನಿಗೆ ಶಿಸ್ತಿನ ಕಾರಣವಿದ್ದಿರಬಹುದು. ಪದಕವನ್ನು ಕೊಡುವುದೂ ಬಿಡುವುದೂ ಆ ಕಾಲದ ಅಧಿಕಾರ. ನೂರು ವರ್ಷಗಳ ಮೇಲೆ ಸ್ಮರಿಸುವವನಿಗೆ ಆ ಶಿಸ್ತಿನ ಬಂಧನವಿಲ್ಲ.

೭

ಶಾಸ್ತ್ರದ ಯುಕ್ತಿಯಿಂದ ಸಿದ್ಧವಾದ ಈ ಅರ್ಥಕ್ಕೆ ಮಸ್ಕಿಯ ಶಾಸನವು ಬೆಂಬಲವಾಗುತ್ತದೆ. ಅದು ಬ್ರಾಹ್ಮೀಲಿಪಿಯ, ಪ್ರಾಕೃತಭಾಷೆಯ ಶಾಸನ. ರಾವ್ ಸಾಹೇಬ್ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ೧೯೧೫ರಲ್ಲಿಯೇ ಹೈದರಾಬಾದು ಪ್ರಾಚ್ಯವಸ್ತುಗ್ರಂಥಮಾಲೆಯ ಮೊದಲನೆಯ ಸಂಖ್ಯೆಯಾಗಿ ಪ್ರಕಟಿಸಿದರು. ಅದುವರೆಗೆ ತಿಳಿದಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದು ಮಾತ್ರವಿದ್ದು, ಸ್ವಂತ ಹೆಸರು ಇರಲಿಲ್ಲ. ಮಸ್ಕಿಯಲ್ಲಿ ಅಶೋಕನೆಂಬ ಹೆಸರೇ ದೊರೆಯಿತು. ಇದರಿಂದ ಪ್ರಿನ್ಸೆಪ್ ಮೊದಲಾದವರ ಊಹೆಯು ಸ್ಥಿರಪಟ್ಟಿತೆಂಬುದು ಸರ್ವವಿದಿತ. ಶತಮಾನಕಾಲದಲ್ಲಿಯೂ ಜನರು ಕೊಂಡಾಡಿದುದು ಈ ಹೆಸರನ್ನೇ.

ಹೆಸರಿನ ಹೊಳಪಿನಲ್ಲಿ ಶಾಸನದ ಮಾತು ಮರೆಯಾಗಬಾರದು. ಅದರ ತಾತ್ಪರ್ಯವು, ಈ ಉನ್ನತಪದವನ್ನು ಧರ್ಮಯುಕ್ತನಾದ ಸಣ್ಣವನೂ ಪಡೆಯಬಲ್ಲನು, ದೊಡ್ಡವನೊಬ್ಬನೇ ಪಡೆಯುವನೆಂದು ಬಗೆಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳತಕ್ಕುದು ಎಂಬುದಾಗಿದೆ. ಬಿ. ಎಲ್. ರೈಸ್ ೧೮೯೨ರಲ್ಲಿ ಕಂಡ ಬ್ರಹ್ಮಗಿರಿಯ ಪಾಠದಲ್ಲಿ ಧರ್ಮಯುಕ್ತನೆಂಬುದರ ಸ್ಥಾನದಲ್ಲಿ ಪ್ರಯತ್ನಶೀಲನೆಂಬ ಅರ್ಥದ ಶಬ್ದವಿದೆ. ಪಾಠಾಂತರಗಳೆರಡನ್ನೂ ಕೂಡಿಸಿ ನೋಡಿದರೆ ಒಂದರಲ್ಲಿ ಉತ್ಸಾಹವೂ ಇನ್ನೊಂದರಲ್ಲಿ ಧರ್ಮವೂ ದೊರೆಯುವುವು. ಧರ್ಮದಿಂದ ನಿಯಮಿತವಾದ ಉತ್ಸಾಹವೇ ವೀರದ ಜೀವಾಳ. ಶಾಸನವು ಹೇಳುವ ಫಲವು ಸ್ವರ್ಗವೇ ಹೊರತು ಕಾವ್ಯರಸವಲ್ಲ; ಆದುದರಿಂದ ಇದನ್ನು ರಸವಿಚಾರಕ್ಕೆ ತರುವುದು ಅತಿದೇಶದಿಂದ ಎಂಬುದನ್ನು ಮರೆಯಲಾಗದು. ಆದರೆ ಅಧಿಕಾರಿಯ ವಿಷಯದಲ್ಲಿ ಶಾಸನದ ಮಾತು ಸ್ಪಷ್ಟವಾಗಿದೆ.

ಕನ್ನಡನಾಡು ಈ ಮಾತನ್ನು ಕೇಳಿ ಬಿಟ್ಟಿಲ್ಲ. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ. ಚಕ್ರವರ್ತಿಯ ಆಜ್ಞೆಯೊಡನೆ ಅದನ್ನು ಬರೆದವನ ಹೆಸರೂ ಎರಡು ಸಾವಿರ ವರ್ಷಗಳನ್ನು ದಾಟಿ ಬಂದಿದೆ. ತರುವಾಯದ ಕಾಲದಲ್ಲಿ ಊರಿನ ತುರುಗಳನ್ನು ಹಿಂದಿರುಗಿಸಲು ಹೋಗಿ ಬಿದ್ದ ಸಾಮಾನ್ಯನಿಗೂ ವೀರಗಲ್ಲು ನಿಂತಿತು. ಅರಸನಿಗೊಂದು ಅಳತೆ, ಆಳಿಗೊಂದು ಅಳತೆಯೆಂಬುದು ಆ ಕಲ್ಲುಗಳಲ್ಲಿಲ್ಲ. ಇಬ್ಬರನ್ನೂ ಅಪ್ಸರೆಯರು ಒಂದೇ ಬಗೆಯಾಗಿ ಮೇಲಕ್ಕೆ ಒಯ್ಯುವರು. ಸ್ಮರಣೆಯ ಔಚಿತ್ಯವನ್ನು ಈ ನಾಡಿನ ಕಲ್ಲುಕುಟಿಗರು ಅರಿತಿದ್ದರು.

೮

ಮೇಲಿನ ವಿಚಾರದಿಂದ ಸಿದ್ಧವಾಗುವುದೇನೆಂದರೆ, ಎಂಡ್ಯೂರನ್ಸ್ ಯಾತ್ರೆಯು ವೀರರಸಕ್ಕೆ ಆಲಂಬನವೇ ಸರಿ. ಆ ವೀರವು ದಯಾವೀರ ಧರ್ಮವೀರಗಳೆಂಬ ಎರಡು ಮುಖದ್ದು. ಎರಡನೆಯ ಮುಖವನ್ನು ಮುಚ್ಚಿದ ಸ್ಮರಣೆಯು ಅರ್ಧಸ್ಮರಣೆ. ನಾಯಕನ ಹಿರಿಮೆಯು ಇದರಿಂದ ಕುಗ್ಗುವುದಿಲ್ಲ. ಮೂರು ಸಲ ಹಿಂದಕ್ಕೆ ತಳ್ಳಲ್ಪಟ್ಟರೂ ನಾಲ್ಕನೆಯ ಸಲ ತನ್ನವರ ಬಳಿಗೆ ಹೋದವನಿಗೆ ಸುಳ್ಳಿನ ಆಸರೆಯು ಬೇಡ. ಈ ಯಾತ್ರೆಯನ್ನು ಪಾಠಮಾಡುವ ಅಧ್ಯಾಪಕನು ಮಡಿದ ಮೂವರ ಹೆಸರುಗಳನ್ನೂ ಪದಕವಿಲ್ಲದ ಬಡಗಿಯ ಹೆಸರನ್ನೂ ಹೇಳದೆ ಪಾಠವನ್ನು ಮುಗಿಸಬಾರದು. ಮಸ್ಕಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವವನು ಅಶೋಕನೆಂಬ ಅಕ್ಷರಗಳನ್ನು ತೋರಿಸಿದ ಮೇಲೆ, ಸಣ್ಣವನೂ ಪಡೆಯಬಲ್ಲನೆಂಬ ಪಂಕ್ತಿಯ ಅರ್ಥವನ್ನೂ ಹೇಳಬೇಕು.

ಎಂಡ್ಯೂರನ್ಸ್ ಹಡಗಿಗೆ ಕಟ್ಟುವಾಗ ಇಟ್ಟಿದ್ದ ಹೆಸರು ಪೊಲಾರಿಸ್, ಎಂದರೆ ಧ್ರುವನಕ್ಷತ್ರ. ಶ್ಯಾಕಲ್‌ಟನ್ನನು ಹೆಸರನ್ನು ಬದಲಿಸಿದರೂ ಹಿಂಬದಿಯಲ್ಲಿದ್ದ ನಕ್ಷತ್ರದ ಗುರುತನ್ನು ತೆಗೆಯಲಿಲ್ಲ. ೨೦೨೨ರ ಚಿತ್ರಗಳಲ್ಲಿ ಹೆಸರಿನ ಅಕ್ಷರಗಳ ಕೆಳಗೆ ಅದು ಕಾಣುತ್ತದೆ. ಆ ನಕ್ಷತ್ರಕ್ಕೆ ಈ ನಾಡಿನಲ್ಲಿ ಹೆಸರನ್ನು ಕೊಟ್ಟವನು ತಂದೆಯ ತೊಡೆಗೆ ಅನರ್ಹನೆಂದು ಮಲತಾಯಿಯಿಂದ ಇಳಿಸಲ್ಪಟ್ಟ ಐದು ವರ್ಷದ ಹುಡುಗ. ಧ್ರುವಪದವು ದೊಡ್ಡವರಿಗೇ ಮೀಸಲೆಂದು ಸುರುಚಿಯು ಬಗೆದಿದ್ದಳು. ಪುರಾಣವು ಅವಳ ಮತವನ್ನು ಒಪ್ಪಲಿಲ್ಲ. ಮಸ್ಕಿಯ ಶಾಸನವೂ ಒಪ್ಪುವುದಿಲ್ಲ. ಧ್ರುವಯಾತ್ರೆಗಳ ಮುಂದಿನ ಶತಮಾನಗಳನ್ನು ಆಚರಿಸುವವರು ಈ ಎರಡು ಪ್ರಮಾಣಗಳನ್ನು ಗಮನದಲ್ಲಿ ಇರಿಸಿಕೊಳ್ಳುವುದು ಉಚಿತವಾಗಿದೆ.